ಗಡಿ ದಾಟಿದ ಕ್ಲಿನಿಕ್ಕು

ಡಾರ್ಲಾ ಹೆಂಪಲ್‌ಗೆ ಒಬ್ಬ ಡಾಕ್ಟರ ಸಹಿ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಇಪ್ಪತ್ತೆರಡು ವರ್ಷ ನರ್ಸಾಗಿ ದುಡಿದ ಅನುಭವ ಇತ್ತು. ಅದರ ಮೇಲೆ ಮತ್ತೆ ಓದಿ ಪಡೆದ ನರ್ಸ್ ಪ್ರಾಕ್ಟಿಷನರ್ ಪದವಿ ಇತ್ತು. ಸ್ವಂತ ಕ್ಲಿನಿಕ್ಕು ಇತ್ತು, ಅದರೊಳಗೆ ಕೆಮ್ಮುವ ಜನರಿದ್ದರು. ಆದರೆ ಮಿಸ್ಸೂರಿ ರಾಜ್ಯದ ಕಾಯಿದೆ ಏನು ಹೇಳುತ್ತದೆಂದರೆ, ಪ್ರಾಕ್ಟಿಷನರ್ ಆದವಳು ರೋಗ ಗುರುತಿಸಿ ಮಾತ್ರೆ ಬರೆಯಬೇಕಾದರೆ ಎಪ್ಪತ್ತೈದು ಮೈಲಿಯೊಳಗೆ ಒಬ್ಬ ಡಾಕ್ಟರು 'ಇವಳ ಬೆನ್ನಿಗೆ ನಾನಿದ್ದೇನೆ' ಎಂದು ಒಪ್ಪಂದಕ್ಕೆ ಸಹಿ ಹಾಕಿರಬೇಕು.

ಒಂಬತ್ತು ವರ್ಷದಿಂದ ಆ ಬೆನ್ನಿಗಿದ್ದವರು ಡಾ. ಆಸ್ಟ್ರಾಂಡರ್. ಅವರಿಗೆ ಎಂಬತ್ತೊಂದು. ಎರಡು ವಾರಕ್ಕೊಮ್ಮೆ ಬಂದು, ಹತ್ತಕ್ಕೆ ಒಂದರಂತೆ ಫೈಲು ತಿರುವಿ, ಡಾರ್ಲಾ ಮಾಡಿದ ಚೆರ್ರಿ ಪೈ ತಿಂದು, ಸಹಿ ಹಾಕಿ ಹೋಗುತ್ತಿದ್ದರು. ಈ ಚಳಿಗಾಲದಲ್ಲಿ ಅವರ ಮಂಡಿ ಕೈಕೊಟ್ಟಿತು. ಅರಿಜೋನಾದಲ್ಲಿದ್ದ ಮಗಳು ಬಂದುಬಿಡಿ ಎಂದಳು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಕಡೆಯ ಫೈಲು ನೋಡಿದರು. ಪೈ ಮಾತ್ರ ಪೂರ್ತಿ ಕಟ್ಟಿಸಿಕೊಂಡು ಹೋದರು.

ನಮ್ಮೂರು ಹ್ಯಾಕ್‌ಬೆರಿ. ಜನಸಂಖ್ಯೆ ನಾನೂರ ಹನ್ನೆರಡು. ಆಸ್ಪತ್ರೆ ನಲವತ್ತು ಮೈಲಿ ದೂರ. ಕ್ಲಿನಿಕ್ಕು ಮುಚ್ಚಿದರೆ ಊರಿನಲ್ಲಿ ಮೈ ಮುಟ್ಟಿ ನೋಡುವವನು ಕ್ಷೌರಿಕನೊಬ್ಬನೇ.

ಡಾರ್ಲಾಗೆ ಇದ್ದ ಇನ್ನೊಂದು ಸೊತ್ತು ಗಂಡ, ವೆಂಡೆಲ್. ಮೂವತ್ತೊಂದು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತನಾದವನು. ನಡುವೆ ಎರಡು ವರ್ಷ ಊರಿನ ನೀರಿನ ಸಮಿತಿಯಲ್ಲಿ ಕೂತಿದ್ದ. ಅಲ್ಲಿಂದ ಅವನಿಗೆ ಕಾಯಿದೆ ಗೊತ್ತು ಎಂಬ ಭಾವನೆ ಬೆಳೆದಿತ್ತು. ಬೆಳಿಗ್ಗೆ ಆರಕ್ಕೆ ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಊರಿನ ಗಂಡಸರೆಲ್ಲ ಸೇರುತ್ತಾರೆ. ಅಲ್ಲಿ ವೆಂಡೆಲ್ ಹೆಂಡತಿಯ ಕೆಲಸವನ್ನು 'ನಮ್ಮ ಪ್ರಾಕ್ಟೀಸು' ಎನ್ನುತ್ತಿದ್ದ. ಮೊನ್ನೆ ನಾವೊಂದು ಗಂಟಲು ನೋಡಿದ್ವಿ ಎನ್ನುತ್ತಿದ್ದ. ಅವನು ನೋಡಿದ್ದು ಆ ಗಂಟಲಿನ ಒಡೆಯ ಕಾರು ನಿಲ್ಲಿಸಿದ್ದನ್ನು.

ಆ ಬುಧವಾರ ಡಾರ್ಲಾ ರಾಜ್ಯದ ರಾಜಧಾನಿಗೆ ಹೊರಟಳು. ಮೂರು ದಿನದ ತರಬೇತಿ, ಜೊತೆಗೆ ಅಲ್ಲಿಗೆ ಬರುವ ಡಾಕ್ಟರುಗಳಲ್ಲಿ ಯಾರಾದರೂ ಸಹಿ ಹಾಕಿಯಾರೇ ಎಂಬ ಹುಡುಕಾಟ. ಕ್ಲಿನಿಕ್ಕಿನ ಬಾಗಿಲಿಗೆ 'ಸೋಮವಾರ ತೆರೆಯುತ್ತದೆ' ಎಂದು ಚೀಟಿ ಅಂಟಿಸಿ ಹೋದಳು. ಆ ಚೀಟಿ ಸುಳ್ಳಾಗಬಾರದು ಎಂದು ವೆಂಡೆಲ್ ತೀರ್ಮಾನಿಸಿದ.

ನಮ್ಮೂರಿನಿಂದ ಉತ್ತರಕ್ಕೆ ಮೂರು ಮೈಲಿ ಜಲ್ಲಿ ರಸ್ತೆಯಲ್ಲಿ ಹೋದರೆ ಗುಂಡೇಟು ಬಿದ್ದು ತೂತಾದ ಒಂದು ಬೋರ್ಡು ಸಿಗುತ್ತದೆ. ಅದರಾಚೆ ಅಯೋವಾ. ಅಲ್ಲಿ ಪ್ರಾಕ್ಟಿಷನರಿಗೆ ಯಾವ ಡಾಕ್ಟರ ಸಹಿಯೂ ಬೇಡ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರು ಪಟಾಕಿಗೆ ನಮ್ಮ ಕಡೆ ಬರುತ್ತಿದ್ದರು, ನಾವು ಲಾಟರಿ ಚೀಟಿಗೆ ಅವರ ಕಡೆ ಹೋಗುತ್ತಿದ್ದೆವು. ಗಡಿಯ ಊರವರಿಗೆ ಕಾಯಿದೆ ಎಂದರೆ ಅಂಗಡಿ ಇದ್ದ ಹಾಗೆ. ಇಲ್ಲಿ ಸಿಗದ್ದು ಅಲ್ಲಿ.

ಗುರುವಾರ ಕಾಫಿ ಮೇಜಿನಲ್ಲಿ ವೆಂಡೆಲ್ ಯೋಜನೆ ಬಿಡಿಸಿಟ್ಟ. ಅವನ ದಾಯಾದಿ ಮರ್ಲ್‌ನ ಸೋಯಾ ಹೊಲ ಗಡಿಯಾಚೆ ಒಂದು ಮೈಲಿಯಲ್ಲಿದೆ. ಕ್ಲಿನಿಕ್ಕು ಎಂದರೆ ಶಾಲೆಯವರು ಹರಾಜಿಗಿಟ್ಟಾಗ ತಾನೇ ಕೂಗಿ ತಂದ ತರಗತಿಯ ಟ್ರೇಲರು. ಇಟ್ಟಿಗೆಯ ಮೇಲೆ ಕೂತಿದೆ, ಕೆಳಗೆ ಚಕ್ರ ಇನ್ನೂ ಇವೆ. ನೆಲ ಹೆಪ್ಪುಗಟ್ಟಿ ಗಟ್ಟಿಯಾಗಿದೆ. ಎಳೆದರೆ ಆಯಿತು.

ಎಳೆಯಬೇಕಾದವನು ಲಾನಿ ಪ್ರುಯೆಟ್. ಧಾನ್ಯದ ತಗಡಿನ ಕಣಜಗಳನ್ನು ಹೊಲದಿಂದ ಹೊಲಕ್ಕೆ ಸಾಗಿಸುವುದು ಅವನ ಕಸುಬು. ಅವನು ಕಾಫಿ ಆರಿಸಿಕೊಳ್ಳುತ್ತ ಕೇಳಿದ.

"ಕ್ಲಿನಿಕ್ ದಾಟತ್ತೆ, ಸರಿ. ಅವಳ ಲೈಸೆನ್ಸು ದಾಟತ್ತಾ?"

"ಬಹುರಾಜ್ಯ ಅಂತ ದಪ್ಪಕ್ಷರದಲ್ಲಿ ಬರ್ದಿದೆ ಕಣೋ. ಅದಕ್ಕೆ ಫ್ರೇಮ್ ಹಾಕ್ಸಿದ್ದು ಯಾರು? ನಾನು."

"ಅವಳ್ನ ಒಂದ್ಮಾತು ಕೇಳ್ದ್ಯಾ?"

"ಸೋಮವಾರ ಅವಳ ಹುಟ್ಟಿದಹಬ್ಬ. ಉಡುಗೊರೇನ ಯಾರಾದ್ರೂ ಕೇಳಿ ಕೊಡ್ತಾರಾ?"

ಮೇಜಿನವರು ತಲೆಯಾಡಿಸಿದರು. ಹಾಗೆ ನೋಡಿದರೆ ವೆಂಡೆಲ್ ಹೇಳಿದ್ದು ಸುಳ್ಳಲ್ಲ. ಕ್ಲಿನಿಕ್ಕಿನ ಗೋಡೆಯ ಮೇಲೆ 'ಬಹುರಾಜ್ಯ' ಎಂದು ಬರೆದ ಲೈಸೆನ್ಸು ಇತ್ತು. ಅದರ ಪಕ್ಕ ಇನ್ನೊಂದು ಫ್ರೇಮೂ ಇತ್ತು. ಅದು ಕೋಟು ತೂಗುಹಾಕುವ ಗೂಟಗಳ ಹಿಂದೆ. ಓದಬೇಕಾದರೆ ಕೋಟು ಸರಿಸಬೇಕು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನಮ್ಮೂರಿನಲ್ಲಿ ಯಾರೂ ಇನ್ನೊಬ್ಬರ ಕೋಟು ಸರಿಸುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ಕು ನನ್ನ ಮುಂದೆ ಬಂದು ನಿಂತಿತು. ನಾನು ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವವನು. ದಾರಿಯಲ್ಲಿ ಹಳ್ಳದ ಸೇತುವೆ ಇದೆ, ಹತ್ತು ಟನ್ನಿಗಿಂತ ಹೆಚ್ಚು ಭಾರ ಹೋಗಕೂಡದು, ಆದ್ದರಿಂದ ಕಾಯಿದೆಯಂತೆ ತೂಗಿಸಿಕೊಂಡೇ ಹೋಗುವುದು ಎಂದು ವೆಂಡೆಲ್ ಹೇಳಿದ. ಬರೀ ಟ್ರೇಲರು ಒಂಬತ್ತು ಮುಕ್ಕಾಲು ಟನ್ನು ಬಂತು. ಎಳೆಯುವ ಟ್ರ್ಯಾಕ್ಟರೂ ಸೇರಿದರೆ ಎಷ್ಟು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮ ತೂಕದ ಚೀಟಿಯಲ್ಲಿ ಸರಕಿನ ಜಾಗದಲ್ಲಿ ನಾಲ್ಕೇ ಆಯ್ಕೆ: ಜೋಳ, ಸೋಯಾ, ಗೋಧಿ, ಇತರೆ. ನಾನು 'ಇತರೆ' ಒತ್ತಿದೆ.

ಕ್ಲಿನಿಕ್ಕು ಗಂಟೆಗೆ ಐದು ಮೈಲಿಯಂತೆ ಹೋಯಿತು. ಕಿಟಕಿಯೊಳಗೆ ತೂಕದ ಯಂತ್ರ ಕಾಣುತ್ತಿತ್ತು, ಗೋಡೆಯ ಕಣ್ಣಿನ ಪರೀಕ್ಷೆಯ ಪಟ ಅಲುಗುತ್ತಿತ್ತು. ಸೇತುವೆ ಕಿರುಗುಟ್ಟಿತು, ಮುರಿಯಲಿಲ್ಲ. ಊರಿನ ಕಡೆಯ ಮನೆ ಮಿಸ್ ಈಡಿತ್ ಕಾಟ್ವಿಟ್ಸ್ ಅವರದು. ಎಪ್ಪತ್ತೆಂಟು ವಯಸ್ಸು, ರಕ್ತದೊತ್ತಡ, ಮಕ್ಕಳಿಲ್ಲ. ಚರ್ಚಿನ ಹೆಂಗಸರಲ್ಲೆಲ್ಲ ಅವರ ಹೊಲಿಗೆಯೇ ಹೊಲಿಗೆ. ಇಂಚಿಗೆ ಹನ್ನೆರಡು ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ಕ್ಲಿನಿಕ್ಕಿನಲ್ಲಿ ಕಾಯುವಾಗಲೂ ಮಡಿಲಲ್ಲಿ ಬಟ್ಟೆಯ ತುಂಡು ಇರುತ್ತಿತ್ತು. ಅವರು ಅಡಿಗೆಮನೆಯ ಕಿಟಕಿಯಲ್ಲಿ ಕ್ಲಿನಿಕ್ಕು ದಾಟಿ ಹೋಗುವುದನ್ನು ನೋಡಿದರು. ಸೂಜಿ ಕೆಳಗಿಟ್ಟು ಮಾತ್ರೆಯ ಡಬ್ಬಿ ತೆಗೆದು ಎಣಿಸಿದರು. ಮೂರು ಉಳಿದಿದ್ದವು.

ಮರ್ಲ್ ಹೊಲದ ಗೇಟು ತೆಗೆದು ನಿಂತಿದ್ದ. ಗಟ್ಟಿ ನೆಲದ ಮೇಲೆ ಟ್ರೇಲರನ್ನು ಹೊಲದ ನಡುವಿಗೆ ಎಳೆದು ನಿಲ್ಲಿಸಿದರು. ನೋಡುವುದಕ್ಕೆ ಚೆನ್ನಾಗಿತ್ತು ಎಂದು ಲಾನಿಯೇ ಆಮೇಲೆ ಒಪ್ಪಿಕೊಂಡ. ವೆಂಡೆಲ್ ಬಾಗಿಲಿನ ಚೀಟಿಯ ಕೆಳಗೆ 'ಅಯೋವಾದಲ್ಲಿ' ಎಂದು ಸೇರಿಸಿದ.

ಶುಕ್ರವಾರ ಮಧ್ಯಾಹ್ನ ಬಿಸಿಲು ಬಂತು. ಶನಿವಾರ ಮಳೆ ಬಂತು. ಮಳೆಯ ನಡುವೆ ಡಾರ್ಲಾ ಬಂದಳು.

ಅವಳು ಮೊದಲು ಕ್ಲಿನಿಕ್ಕಿನ ಜಾಗಕ್ಕೆ ಹೋಗಿದ್ದಳು. ಅಲ್ಲಿಂದ ಮನೆಗೆ ಬಂದು, ಕೋಟು ಬಿಚ್ಚದೆ ಅಡಿಗೆಮನೆಯಲ್ಲಿ ನಿಂತಳಂತೆ. ಇದನ್ನು ಊರಿಗೆ ಹೇಳಿದವನು ವೆಂಡೆಲೇ, ಆದ್ದರಿಂದ ಅವನಿಗೆ ಅನುಕೂಲವಾದ ಭಾಗ ಯಾವುದೂ ಇದರಲ್ಲಿ ಬಿಟ್ಟುಹೋಗಿರಲಿಕ್ಕಿಲ್ಲ.

"ವೆಂಡೆಲ್, ಕ್ಲಿನಿಕ್ ಎಲ್ಲಿ?"

"ಅಯೋವಾದಲ್ಲಿ," ಎಂದ ವೆಂಡೆಲ್. ಆಮೇಲೆ, "ಹುಟ್ಟಿದಹಬ್ಬಕ್ಕೆ," ಎಂದ.

ಡಾರ್ಲಾ ಕೂತು ನಿಧಾನವಾಗಿ ವಿವರಿಸಿದಳು. ಅವಳಿಗೆ ಇರುವುದು ಒಂದಲ್ಲ, ಎರಡು ಲೈಸೆನ್ಸು. ನರ್ಸಿನದು ನಾಯಿಯಂತೆ, ಒಡತಿ ಹೋದಲ್ಲಿ ಹೋಗುತ್ತದೆ. ಬಹುರಾಜ್ಯ ಎಂದರೆ ಅದೇ. ಪ್ರಾಕ್ಟಿಷನರಿನದು ಬೆಕ್ಕಿನಂತೆ, ಮನೆ ಬಿಟ್ಟು ಕದಲುವುದಿಲ್ಲ. ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ವಾರಗಟ್ಟಲೆ ಕಾಯಬೇಕು. ಅಯೋವಾದ ನೆಲದ ಮೇಲೆ ಅವಳು ಬರೀ ನರ್ಸು.

"ಅಲ್ಲಿ ನಾನು ಜ್ವರ ಎಷ್ಟಿದೆ ಅಂತ ನೋಡ್ಬೋದು ವೆಂಡೆಲ್. ಯಾಕೆ ಬಂದಿದೆ ಅಂತ ಹೇಳೋ ಹಾಗಿಲ್ಲ."

"ಅಯೋವಾದಲ್ಲಿ ಡಾಕ್ಟರ್ ಬೇಡ ಅಂತ..."

"ಇಲ್ಲಿಗೆ ಡಾಕ್ಟರ್ ಸಿಕ್ಕಿದಾರೆ."

ಸಿಕ್ಕಿದ್ದವರು ಡಾ. ಯೋಲಾಂಡ ಬ್ರಿಕ್ಸ್. ಅವರ ಊರು ಎಪ್ಪತ್ತಮೂರು ಮೈಲಿ ದೂರ. ಕಾಯಿದೆಯಂತೆ ಮೊದಲ ಒಂದು ತಿಂಗಳು ಡಾಕ್ಟರು ಜೊತೆಯಲ್ಲೇ ಇದ್ದು ಕೆಲಸ ನೋಡಬೇಕು. ಅದಕ್ಕಾಗಿ ಆಸ್ಪತ್ರೆಯಿಂದ ಒಂದು ತಿಂಗಳು ಬಿಡುವು ಪಡೆದು ಸೋಮವಾರ ಬರುವವರಿದ್ದರು. ಅಂಥವರನ್ನು ಹುಡುಕಲು ಡಾರ್ಲಾ ಮೂರು ದಿನದಲ್ಲಿ ನಲವತ್ತು ಡಾಕ್ಟರುಗಳಿಗೆ ಕಾಫಿ ತಂದುಕೊಟ್ಟಿದ್ದಳು.

"ಒಪ್ಪಂದದಲ್ಲಿ ಕ್ಲಿನಿಕ್ಕಿನ ವಿಳಾಸ ಬರ್ದಿದೀನಿ. ಆ ವಿಳಾಸದಲ್ಲಿ ಈಗ ಏನಿದೆ?"

ವೆಂಡೆಲ್ ಯೋಚಿಸಿ ಸತ್ಯವನ್ನೇ ಹೇಳಿದ. "ಇಟ್ಟಿಗೆ. ಮತ್ತೆ ಅಂಚೆ ಪೆಟ್ಟಿಗೆ."

ಭಾನುವಾರ ಲಾನಿ ಹೊಲಕ್ಕೆ ಹೋಗಿ ನೋಡಿಕೊಂಡು ಬಂದ. ಹೆಪ್ಪು ಕರಗಿ ಮಳೆ ಸೇರಿ ಹೊಲ ಗಂಜಿಯಾಗಿತ್ತು. ಚಕ್ರ ಅರ್ಧ ಹೂತಿತ್ತು. ಪಾದ್ರಿಗಳು ಪ್ರಾರ್ಥನೆಯಲ್ಲಿ ಕ್ಲಿನಿಕ್ಕನ್ನು ನೆನೆದರು. ಮುಂದಿನ ಬೆಂಚಿನಲ್ಲಿದ್ದ ವೆಂಡೆಲ್ ಗಟ್ಟಿಯಾಗಿ ಆಮೆನ್ ಎಂದದ್ದನ್ನು ಹಲವರು ಇಷ್ಟಪಡಲಿಲ್ಲ.

ಸೋಮವಾರ ಬೆಳಿಗ್ಗೆ ಹೊಲದ ಬದುವಿನಲ್ಲಿ ಆರು ಕಾರು ನಿಂತಿದ್ದವು. ಚೀಟಿ ಓದಿದವರು ಚೀಟಿಯಂತೆ ಬಂದಿದ್ದರು. ರಸ್ತೆಯಿಂದ ಬಾಗಿಲವರೆಗೆ ವೆಂಡೆಲ್ ಹಲಗೆ ಹಾಸಿದ್ದ. ಮೊದಲು ಹಲಗೆ ಏರಿದವರು ಮಿಸ್ ಈಡಿತ್. ಡಾರ್ಲಾ ಫೈಲು, ಔಷಧಿ ಸಾಗಿಸಲು ಬಂದಿದ್ದಳು. ಬಂದವರನ್ನು ಹಿಂದೆ ಕಳಿಸಲಾರದೆ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದಳು.

"ಎಷ್ಟಿದೆ?" ಎಂದರು ಮಿಸ್ ಈಡಿತ್.

"ನೂರಾ ಎಂಬತ್ತೆಂಟು."

"ಹಾಗಿದ್ರೆ ಮಾತ್ರೆ ಬರಿ."

"ಇಲ್ಲಿ ನಾನು ನರ್ಸು, ಮಿಸ್ ಈಡಿತ್. ಮಾತ್ರೆ ಬರೆಯೋಕೆ ಪ್ರಾಕ್ಟಿಷನರ್ ಬೇಕು."

"ಅವಳೆಲ್ಲಿ?"

"ಅವಳೂ ನಾನೇ. ಊರಲ್ಲಿ ಇರ್ತೀನಿ."

"ನಡಿ ಊರಿಗೆ ಹೋಗೋಣ."

"ಊರಲ್ಲಿ ಅವಳಿಗೆ ಡಾಕ್ಟರ್ ಇಲ್ಲ. ಮಧ್ಯಾಹ್ನ ಬರ್ತಾರೆ. ಕಟ್ಟಡ ಕಂಡ್ರೆ ಸಹಿ ಹಾಕ್ತಾರೆ."

ಮಿಸ್ ಈಡಿತ್ ತೋಳಿನ ಪಟ್ಟಿ ತಾವೇ ಬಿಚ್ಚಿದರು. "ಇಲ್ಲಿ ಅವಳಿಲ್ಲ, ಅಲ್ಲಿ ಡಾಕ್ಟರಿಲ್ಲ. ನನ್ನ ರಕ್ತ ಮಾತ್ರ ಎರಡು ಕಡೆನೂ ಇದೆ," ಎಂದರು.

ಡಾರ್ಲಾ ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಎಂದಳು. ವೆಂಡೆಲ್ ಹೊರಗೆ ಕಾರು ಚಾಲೂ ಮಾಡಿಯೇ ನಿಂತಿದ್ದ. ಮಿಸ್ ಈಡಿತ್ ಕಿಟಕಿಯಲ್ಲಿ ಅವನನ್ನು ನೋಡಿದರು. ಕ್ಲಿನಿಕ್ ಎಳ್ಕೊಂಡು ಹೋದವನ ಕಾರಲ್ಲಿ ನಾನು ಕೂರಲ್ಲ, ಕ್ಲಿನಿಕ್ ಊರಿಗೆ ಬಂದ ದಿನ ಬರ್ತೀನಿ ಎಂದು ಹೇಳಿ, ಹಲಗೆಯ ಮೇಲೆ ಒಂದು ಕಡೆಯೂ ಜಾರದೆ ನಡೆದುಹೋದರು. ನಮ್ಮೂರಿನ ಇತಿಹಾಸದಲ್ಲಿ ರಕ್ತದೊತ್ತಡ ಮುಷ್ಕರ ಹೂಡಿದ್ದು ಅದೊಂದೇ ಸಲ.

ಮಧ್ಯಾಹ್ನ ಡಾ. ಬ್ರಿಕ್ಸ್ ಬಂದರು. ನಲವತ್ತರ ಆಸುಪಾಸಿನ, ಎತ್ತರದ, ಮಾತು ಕಡಿಮೆಯ ಹೆಂಗಸು. ವಿಳಾಸದ ಪ್ರಕಾರ ಸರಿಯಾದ ಜಾಗದಲ್ಲೇ ಕಾರು ನಿಲ್ಲಿಸಿದರು. ಅಲ್ಲಿ ಎರಡು ಸಾಲು ಇಟ್ಟಿಗೆ, ನೆಲದಿಂದ ಎದ್ದ ಎರಡು ನೀರಿನ ಕೊಳವೆ, 'ಹ್ಯಾಕ್‌ಬೆರಿ ಫ್ಯಾಮಿಲಿ ಕ್ಲಿನಿಕ್' ಎಂಬ ಅಂಚೆ ಪೆಟ್ಟಿಗೆ ಇದ್ದವು. ಇಟ್ಟಿಗೆಗಳ ನಡುವೆ ವೆಂಡೆಲ್ ಇಸ್ಪೀಟಿನ ಮೇಜು ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ, ಒಪ್ಪಂದದ ಕಾಗದ, ಪೆನ್ನು, ಒಂದು ಹೋಳು ಪೈ ಇಟ್ಟಿದ್ದ. ಗಾಳಿಗೆ ಹಾರದಿರಲೆಂದು ಕಾಗದದ ಮೇಲೆ ಪೈ ತಟ್ಟೆ ಹೇರಿದ್ದ.

ಡಾ. ಬ್ರಿಕ್ಸ್ ಡಾರ್ಲಾಳ ಕಡೆ ತಿರುಗಿ ವಿಷಯವೆಲ್ಲ ಕೇಳಿಸಿಕೊಂಡರು. ಆಮೇಲೆ ವೆಂಡೆಲ್‌ಗೆ ಹೇಳಿದರು.

"ಮಿಸ್ಟರ್ ಹೆಂಪಲ್, ನಿಮ್ಮ ಹೆಂಡತಿ ಕೈಲಿ ತಪ್ಪಾದ್ರೆ ನನ್ನ ಲೈಸೆನ್ಸು ಹೋಗತ್ತೆ. ಈ ಸಹಿ ಅಂದ್ರೆ ಅದು. ಅವ್ರ ಮೇಲೆ ನನಗೆ ನಂಬಿಕೆ ಇದೆ. ಅದೇ ಕಾಗದದಲ್ಲಿ ನೀವೂ ಬರ್ತೀರಿ ಅಂತ ಗೊತ್ತಿರ್ಲಿಲ್ಲ."

ವೆಂಡೆಲ್ ಪೈ ತಟ್ಟೆಯನ್ನು ಅವರ ಕಡೆ ಸ್ವಲ್ಪ ಸರಿಸಿದ.

ಚರ್ಚಿನ ನೆಲಮಾಳಿಗೆ ಇದೆ, ಅಗ್ನಿಶಾಮಕದ ಶೆಡ್ಡು ಇದೆ, ಎಲ್ಲಿ ಬೇಕಾದರೂ ನಡೆಸಬಹುದು ಎಂದು ಊರವರು ಹೇಳಿದರು. ಲಾನಿ ತನ್ನ ವೆಲ್ಡಿಂಗ್ ಕೊಟ್ಟಿಗೆಯನ್ನೂ ಕೊಡಲು ತಯಾರಿದ್ದ. ಡಾ. ಬ್ರಿಕ್ಸ್ ಒಪ್ಪಲಿಲ್ಲ. ಚರ್ಚಿನವರು ಶುಕ್ರವಾರದ ಊಟಕ್ಕೆ ಮೀನು ಕರಿಯುವ ಜಾಗದಲ್ಲಿ ಗಾಯ ಬಿಚ್ಚುವುದಿಲ್ಲ ಎಂದರು. ಬುಧವಾರ ಸಂಜೆಯೊಳಗೆ ಕಟ್ಟಡ ಈ ಇಟ್ಟಿಗೆಗಳ ಮೇಲೆ ಬಂದು ಕೂತರೆ ಸಹಿ, ಇಲ್ಲದಿದ್ದರೆ ತಿಂಗಳ ಬಿಡುವನ್ನು ಬೇರೆ ಊರಿನ ಕ್ಲಿನಿಕ್ಕಿಗೆ ಕೊಡುತ್ತೇನೆ, ಅವರೂ ಕೇಳಿದ್ದಾರೆ ಎಂದರು. ಹೆದ್ದಾರಿಯ ಮೋಟೆಲಿನಲ್ಲಿ ರೂಮು ಹಿಡಿದರು.

ಬುಧವಾರ ಮಧ್ಯಾಹ್ನ ಎರಡು ರಾಜ್ಯದ ಜನ ಮರ್ಲ್‌ನ ಹೊಲದ ಬದುವಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಚರ್ಚಿನ ಹೆಂಗಸರು ಹ್ಯಾಮ್ ಸ್ಯಾಂಡ್‌ವಿಚ್ ಹಂಚಿದರು. ನಮ್ಮ ಕಡೆಯ ಎರಡು ಹಸಿರು ಟ್ರ್ಯಾಕ್ಟರು, ಅಯೋವಾದ ಒಂದು ಕೆಂಪು ಟ್ರ್ಯಾಕ್ಟರು. ಹಸಿರು ಒಂದು ಕಂಪನಿಯದು, ಕೆಂಪು ಅದರ ಎದುರಾಳಿಯದು; ಹಸಿರಿನವರು ಕೆಂಪಿನವರ ಜೊತೆ ಕೆಲಸ ಮಾಡಿದ್ದು ಮೊದಲ ಸಲ ಎಂದು ಮುದುಕರು ಹೇಳಿದರು. ಯಾರ ಸರಪಳಿ ಮುಂದೆ ಎಂಬ ವಾದದಲ್ಲೇ ಮುಕ್ಕಾಲು ಗಂಟೆ ಹೋಯಿತು. ಮಿಸ್ ಈಡಿತ್ ಬಂದಿರಲಿಲ್ಲ. ಡಾ. ಬ್ರಿಕ್ಸ್ ಬಂದಿದ್ದರು, ಯಾರದೋ ರಬ್ಬರು ಬೂಟು ಹಾಕಿಕೊಂಡು.

ವಾದ ಮುಗಿಸಿದವನು ವೆಂಡೆಲ್. ಒಂದು ಸರಪಳಿಯನ್ನು ಟ್ರೇಲರಿನ ಮೂತಿಯ ಕೊಂಡಿಗೆ, ಇನ್ನೆರಡನ್ನು ಬಾಗಿಲಿನ ಮೆಟ್ಟಿಲಿನ ಕಬ್ಬಿಣಕ್ಕೆ ಕಟ್ಟಿದರೆ ಭಾರ ಹಂಚಿಹೋಗುತ್ತದೆ ಎಂದ. ಬಸ್ಸು ಹೂತಾಗ ತಾನು ಹಾಗೇ ಎಳೆಸಿದ್ದೆ ಎಂದ. ಲಾನಿ ಏನೋ ಹೇಳಹೊರಟ. ಅಷ್ಟರಲ್ಲಿ ವೆಂಡೆಲ್ ಕೈ ಎತ್ತಿ ಇಳಿಸಿಬಿಟ್ಟ.

ಮೂರು ಟ್ರ್ಯಾಕ್ಟರು ಒಟ್ಟಿಗೆ ಹೊಗೆ ಬಿಟ್ಟವು. ಟ್ರೇಲರು ಒಮ್ಮೆ ನಡುಗಿತು. ಒಂದು ಗೇಣು ಮುಂದೆ ಬಂತು, ಜನ ಎದ್ದು ನಿಂತರು. ಆಮೇಲೆ ತಗಡು ಹರಿದಂಥ ಸದ್ದಾಗಿ, ಮೂತಿಯ ಕೊಂಡಿ ಒಂದು ಟ್ರ್ಯಾಕ್ಟರಿನ ಹಿಂದೆಯೂ ಮೂರು ಮೆಟ್ಟಿಲು ಇನ್ನೆರಡರ ಹಿಂದೆಯೂ ಕುಣಿಯುತ್ತ ಮಿಸ್ಸೂರಿಯ ಕಡೆ ಹೊರಟವು. ಹಿಂದೆ ತಿರುಗಿ ನೋಡದ ಕೆಂಪು ಟ್ರ್ಯಾಕ್ಟರಿನವನು ಮೆಟ್ಟಿಲನ್ನು ರಸ್ತೆಯವರೆಗೂ ಎಳೆದೊಯ್ದ. ಕ್ಲಿನಿಕ್ಕು ಇದ್ದಲ್ಲೇ ನಿಧಾನವಾಗಿ, ಊಟ ಮುಗಿಸಿ ಕೂತವರ ಹಾಗೆ, ಇನ್ನೊಂದು ಅಡಿ ಕುಸಿಯಿತು.

ಮರ್ಲ್, "ಇನ್ನು ಇದು ನನ್ನ ಹೊಲದ್ದೇ," ಎಂದ.

ಡಾ. ಬ್ರಿಕ್ಸ್ ಬೂಟು ಕಳಚಿ, ಒರೆಸಿ, ಕೊಟ್ಟವರಿಗೆ ಹಿಂದಿರುಗಿಸಿದರು. ಡಾರ್ಲಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಿನ್ನಂಥವಳು ಮೂರು ಡಾಕ್ಟರಿಗೆ ಸಮ ಎಂದರಂತೆ. ಸಹಿ ಹಾಕದೆ ಹೋದರು.

ಡಾರ್ಲಾ ಅಯೋವಾದ ಲೈಸೆನ್ಸಿಗೆ ಅರ್ಜಿ ಹಾಕಿದಳು. ಬೇರೆ ದಾರಿ ಇರಲಿಲ್ಲ. ಬೆರಳಚ್ಚು ಕೊಟ್ಟಳು, ಅದು ತಿರುಗಿ ಬಂತು. ಇಪ್ಪತ್ತೆರಡು ವರ್ಷ ದಿನಕ್ಕೆ ಐವತ್ತು ಸಲ ಕೈ ತೊಳೆದು ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಅಳಿಸಿಹೋಗಿದೆ, ಮತ್ತೊಮ್ಮೆ ಕಳಿಸಿ ಎಂದು ಬರೆದಿದ್ದರು. ಎರಡನೆಯದೂ ತಿರುಗಿ ಬಂತು. ಮೂರನೆಯದಕ್ಕೆ ಅವಳು ಹತ್ತು ದಿನ ಕೈಗೆ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಬಳಿದುಕೊಂಡು ಕೂತಳು. ಪಾತ್ರೆಯನ್ನು ವೆಂಡೆಲ್ ತೊಳೆದ.

ಅಷ್ಟು ದಿನ ಅವನು ಮಂಗಳವಾರ ಗುರುವಾರ ಊರಿನ ರೋಗಿಗಳನ್ನು ತನ್ನ ವ್ಯಾನಿನಲ್ಲಿ ತುಂಬಿಕೊಂಡು ನಲವತ್ತು ಮೈಲಿಯ ಆಸ್ಪತ್ರೆಗೆ ಕರೆದೊಯ್ದ. ಮನೆಮನೆಯ ಮುಂದೆ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದ. ಮೂವತ್ತೊಂದು ವರ್ಷ ಶಾಲೆಗೆ ಹೊತ್ತವರನ್ನೇ ಈಗ ಅವನು ಎಕ್ಸರೇಗೆ ಹೊರುತ್ತಿದ್ದ. ಹಿಂದಿನ ಸೀಟಿನವರು ಗಲಾಟೆ ಮಾಡಿದರೆ ಕನ್ನಡಿಯಲ್ಲಿ ಗುರಾಯಿಸುತ್ತಿದ್ದ, ಅವರೂ ಸುಮ್ಮನಾಗುತ್ತಿದ್ದರು. ಮಿಸ್ ಈಡಿತ್ ಅವರ ಮನೆಯ ಮುಂದೆ ಪ್ರತಿ ಸಲವೂ ಎರಡು ಹಾರನ್ ಹೊಡೆದು, ಎರಡು ನಿಮಿಷ ಕಾದು ಹೋಗುತ್ತಿದ್ದ. ಅಡಿಗೆಮನೆಯ ಪರದೆ ಅಲುಗುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಡಾರ್ಲಾ ಹೋಗಿ ಬೇಡಿಕೊಂಡಳು. ಬಾಗಿಲಲ್ಲೇ ನಿಲ್ಲಿಸಿಕೊಂಡು, ಕ್ಲಿನಿಕ್ ಬಂತಾ ಎಂದು ಕೇಳಿದರು. ಇಲ್ಲ ಎಂದಾಗ, ಹಾಗಿದ್ರೆ ಕಾಫಿ ಕುಡ್ದು ಹೋಗು ಎಂದರು.

ಆರನೆಯ ವಾರದ ಗುರುವಾರ ಪರದೆ ಅಲುಗಲಿಲ್ಲ. ವೆಂಡೆಲ್ ಇಳಿದು ಹೋಗಿ ಕಿಟಕಿಯಲ್ಲಿ ನೋಡಿದ. ಮಿಸ್ ಈಡಿತ್ ಕುರ್ಚಿಯಲ್ಲಿ ವಾಲಿಕೊಂಡಿದ್ದರು, ಸೂಜಿ ಕೆಳಗೆ ಬಿದ್ದಿತ್ತು. ಫೋನು ಮಾಡಿದರೆ ಆಂಬುಲೆನ್ಸು ಬರಲು ಮುಕ್ಕಾಲು ಗಂಟೆ ಎಂದರು. ವೆಂಡೆಲ್ ಅವರನ್ನು ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಅವರು ಬೇಡ ಎನ್ನಲಿಲ್ಲ. ಆ ಹೊತ್ತಿಗೆ ಬಾಯಿ ಅವರ ಮಾತು ಕೇಳುತ್ತಿರಲಿಲ್ಲ. ನಲವತ್ತು ಮೈಲಿಯನ್ನು ವೆಂಡೆಲ್ ಇಪ್ಪತ್ತೊಂಬತ್ತು ನಿಮಿಷದಲ್ಲಿ ಓಡಿಸಿದ. ಹಿಂದಿನ ಸೀಟಿನಲ್ಲಿದ್ದ ಐವರು ರೋಗಿಗಳು ಅಷ್ಟೂ ದೂರ ಉಸಿರೆತ್ತಲಿಲ್ಲ.

ಲಕ್ವ ಹೊಡೆದಿತ್ತು, ಆದರೆ ಮಿಸ್ ಈಡಿತ್ ಬದುಕಿದರು. ಮಾತು ತಿರುಗಿ ಬಂತು. ಅದರಲ್ಲಿ ಮೊದಲನೆಯದನ್ನು ವೆಂಡೆಲ್‌ಗೆ ಆಡಿದರಂತೆ. ಏನೆಂದು ಅವನು ಯಾರಿಗೂ ಹೇಳಿಲ್ಲ. ಅವನು ಹೇಳದೆ ಇಟ್ಟುಕೊಂಡ ಸುದ್ದಿ ನನಗೆ ಗೊತ್ತಿದ್ದಂತೆ ಅದೊಂದೇ.

ಮೇ ತಿಂಗಳ ಕೊನೆಯಲ್ಲಿ ಲೈಸೆನ್ಸು ಬಂತು. ಡಾರ್ಲಾ ಮರ್ಲ್‌ನ ಹೊಲದಲ್ಲಿ ಹೂತ ಕ್ಲಿನಿಕ್ಕಿಗೇ ಹೊಸ ಮೆಟ್ಟಿಲು ಹಾಕಿಸಿ ಬಾಗಿಲು ತೆರೆದಳು. ಅರ್ಧ ಇಳಿದದ್ದರಿಂದ ಒಂದೇ ಮೆಟ್ಟಿಲು ಸಾಕಾಯಿತು. ಈಗ ಅವಳಿಗೆ ಯಾವ ಡಾಕ್ಟರ ಸಹಿಯೂ ಬೇಡ. ಗೋಡೆಯ ಮೇಲೆ ಮೂರನೆಯ ಫ್ರೇಮು ಬಂದಿದೆ. ಕೋಟಿನ ಗೂಟಗಳನ್ನು ಅವಳು ಹೊರಗೆ ಹಾಕಿಸಿದ್ದಾಳೆ. ಹ್ಯಾಕ್‌ಬೆರಿಯವರು ನಾಲ್ಕು ಮೈಲಿ ಹೋಗಿ ತೋರಿಸಿಕೊಂಡು ಬರುತ್ತಾರೆ, ಕಾರಿಲ್ಲದವರನ್ನು ವೆಂಡೆಲ್ ಕರೆದೊಯ್ಯುತ್ತಾನೆ. ಊರಿನ ಇಟ್ಟಿಗೆಗಳ ನಡುವೆ ಹುಲ್ಲು ಬಂದಿದೆ. ಅಂಚೆಯವನು ಆ ಪೆಟ್ಟಿಗೆಗೆ ಇನ್ನೂ ಜಾಹೀರಾತು ಹಾಕುತ್ತಾನೆ.

ಕಾಫಿ ಮೇಜಿನಲ್ಲಿ ಒಂದು ದಿನ ಲಾನಿ ಈ ಮಾತೆತ್ತಿದ. ವೆಂಡೆಲ್ ಲೋಟ ಕೆಳಗಿಟ್ಟ.

"ನಾನು ಹೇಳಿದ್ದೇ ಆಯ್ತಲ್ಲ. ಹನ್ನೊಂದು ವಾರ ಮೊದ್ಲೇ ಹೇಳಿದ್ದೆ, ಅಷ್ಟೆ."

ಲೆಕ್ಕ ಇಡುವುದು ನನ್ನ ಕಸುಬು. ಒಟ್ಟು ಹೋದದ್ದು ಇಷ್ಟು: ಡಾಕ್ಟರು ಇಬ್ಬರು, ಮೆಟ್ಟಿಲು ಮೂರು, ಮರ್ಲ್‌ನ ಸೋಯಾ ಅರ್ಧ ಎಕರೆ, ವಾರ ಹನ್ನೊಂದು, ಹ್ಯಾಕ್‌ಬೆರಿಯ ಕ್ಲಿನಿಕ್ಕು ಒಂದು, ಮಿಸ್ ಈಡಿತ್ ಅವರ ಎಡಗೈಯಲ್ಲಿ ಬಟ್ಟೆ ಹಿಡಿಯುತ್ತಿದ್ದ ಬೆರಳು ಎರಡು.